ಮುದುಕಿಯ ಎಡರೆಕ್ಕೆ

ಫೆಬ್ರವರಿ ೯

ಅತ್ತೆಯವರಿಗೆ ನಮಸ್ಕಾರ.

ಅಟ್ಟ, ಮಂಚದ ಕೆಳಗೆ ಎಲ್ಲೂ ಹುಡುಕಬೇಡಿ. ಮುದುಕಿ ನನ್ನ ಹತ್ತಿರ ಇದ್ದಾಳೆ. ಮಾವ ಅವಳನ್ನು ಗೋಣಿಚೀಲಕ್ಕೆ ತುಂಬಿ ಹಿಂಬಾಗಿಲ ಪಕ್ಕ ಇಟ್ಟಿದ್ದರಲ್ಲ, ಹೊರಡುವ ಬೆಳಿಗ್ಗೆ ಆ ಚೀಲವನ್ನು ನಿಮ್ಮ ಮಗಳ ಪೆಟ್ಟಿಗೆಗೆ ಸೇರಿಸಿಬಿಟ್ಟೆ. ಮಗಳ ಬಟ್ಟೆಗಳನ್ನು ಗಂಟು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಬಂದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಬೈದದ್ದನ್ನು ಬರೆಯುವುದಿಲ್ಲ. ನೀವು ಹೆತ್ತವರು, ನಿಮಗೆ ಗೊತ್ತಿರುತ್ತದೆ.

ಅವತ್ತು ಮೈದಾನದಲ್ಲಿ ಏನಾಯಿತು ಎಂದು ನನ್ನ ಬಾಯಿಂದಲೇ ಕೇಳಿ. ಮಾವ ತಂತಿ ಹಾಸಿ, ಅದರ ತುದಿಯ ಹಿಡಿಯನ್ನು ನೆಲದ ಮೇಲಿಟ್ಟು, ಕನ್ನಡಕ ತರಲು ಹೋಗಿದ್ದರು. ಮದುವೆಯಾದಾಗಿನಿಂದ ನೋಡುತ್ತಿದ್ದೇನೆ. ಅವರು ನಡುವೆ ನಿಂತಿರುತ್ತಾರೆ, ಎರಡು ಉಕ್ಕಿನ ತಂತಿಯ ತುದಿಯಲ್ಲಿ ಅವರೇ ಕಟ್ಟಿದ ಆ ಪುಟ್ಟ ಹಳದಿ ವಿಮಾನ, ಅವರ ಮುದುಕಿ, ಅವರ ಸುತ್ತ ಗಿರಗಿರ ತಿರುಗುತ್ತಿರುತ್ತದೆ, ಮಣಿಕಟ್ಟನ್ನು ಒಂದಿಷ್ಟು ಓರೆ ಮಾಡಿದರೆ ಸಾಕು, ಏರಿ ಪಲ್ಟಿ ಹೊಡೆದು ಮತ್ತೆ ದಾರಿಗೆ ಬರುತ್ತದೆ. ಅಷ್ಟು ಸುಲಭವೆಂದು ಕಂಡದ್ದೇ ನನಗೆ ಮುಳುವಾಯಿತು. ಹಿಡಿ ಎತ್ತಿಕೊಂಡೆ, ವಿಮಾನ ಹಿಡಿದು ಕೂತಿದ್ದ ಮಾವನ ಗೆಳೆಯರಿಗೆ ಇಂಜಿನ್ ಚಾಲೂ ಮಾಡಿ ಬಿಡಿ ಎಂದು ಸನ್ನೆ ಮಾಡಿದೆ. ಹಿಡಿಯನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ನನಗೆ ತಿಳಿಯಲಿಲ್ಲ. ಏಳಲಿ ಎಂದು ಎಳೆದೆ, ಇಳಿಯಿತು. ಇಳಿಯಿತಲ್ಲ ಎಂದು ಇನ್ನೂ ಎಳೆದೆ. ಮೂತಿ ನೆಲಕ್ಕೆ ಕುಟ್ಟಿ ಎಡರೆಕ್ಕೆ ಬುಡದಲ್ಲೇ ಮುರಿಯಿತು.

ಮಾವ ಬೈದಿದ್ದರೆ ಊಟ ಸೇರುತ್ತಿತ್ತು. ಅವರು ಒಂದೊಂದೇ ತುಂಡನ್ನು ಹುಲ್ಲಿನಿಂದ ಆರಿಸಿಕೊಂಡರು. ಬಸ್ ನಿಲ್ದಾಣದವರೆಗೂ ಬಂದರು, ಮಗಳ ಜೊತೆ ಮಾತಾಡಿದರು, ನನ್ನ ಕಡೆ ತಿರುಗಲಿಲ್ಲ. ಹೋದ ವರ್ಷ ಜ್ವರ ಬಿಟ್ಟಮೇಲೆ ಅವರ ಬೆರಳು ನಡುಗುವುದು ನನಗೆ ಗೊತ್ತು. ಇನ್ನೊಂದು ಕಟ್ಟುವುದು ಅವರಿಂದಾಗದು. ಮೇ ತಿಂಗಳಲ್ಲಿ ವಿಮಾನ ಹಾರಿಸುವವರೆಲ್ಲ ಸೇರುವ ಕೂಟದಲ್ಲಿ ಅದನ್ನು ಹಾರಿಸಬೇಕೆಂದು ಕಾದಿದ್ದರು ಎನ್ನುವುದೂ ಗೊತ್ತು.

ಹಲ್ಲಿನ ಸೆಟ್ಟು ಮಾಡುವವನು ನಾನು. ಸಣ್ಣ ಕೆಲಸ ಕೈಗೆ ಹೊಸದಲ್ಲ. ಅದನ್ನು ನಾನು ಸರಿಮಾಡುತ್ತೇನೆ. ಹೇಗೆಂದು ನೀವು ಸ್ವಲ್ಪ ಸ್ವಲ್ಪವೇ ಮಾವನ ಬಾಯಿ ಬಿಡಿಸಿ ತಿಳಿಸಿ. ನಾನು ತಂದಿರುವ ವಿಷಯ ಮಾತ್ರ ಅವರಿಗೆ ಹೇಳಬೇಡಿ.

ನಿಮ್ಮ ಅಳಿಯ, ತುಂಡುಗಳ ನಡುವಿನಿಂದ


ಫೆಬ್ರವರಿ ೨೦

ಅಳಿಯಂದಿರೇ, ಚೆನ್ನಾಗಿರಿ.

ನೀವೊಂದು ಮರೆತಿರಿ. ಕಣ್ಣಿನ ಆಪರೇಷನ್ ಆದಮೇಲೆ ನನಗೆ ದೂರದ್ದೆಲ್ಲ ಲಕಲಕ, ಹತ್ತಿರದ್ದು ಮಸುಕು. ಬಂದ ಕಾಗದ ಓದುವವರು ಇವರು, ಬರೆಯುವವಳು ನಾನು. ಅದಕ್ಕೇ ನನ್ನ ಅಕ್ಷರ ಅಂಗಡಿಯ ಬೋರ್ಡಿನಷ್ಟು ದೊಡ್ಡದು. ಇಬ್ಬರೂ ಸೇರಿದರೆ ಒಂದು ಪೂರ್ತಿ ಮನುಷ್ಯ. "ಅವರಿಗೆ ಹೇಳಬೇಡಿ" ಎನ್ನುವ ನಿಮ್ಮ ಸಾಲನ್ನೂ ಇವರೇ ಗಟ್ಟಿಯಾಗಿ ಓದಿದರು. ಓದಿ, ಕಾಗದ ಮಡಿಸಿ, ಕಿಟಕಿಯ ಹತ್ತಿರ ಹೋಗಿ ನಿಂತರು.

ನಾನು, "ಏನಾದ್ರೂ ಹೇಳ್ರೀ, ಪಾಪ ಕೇಳಿದಾರೆ" ಅಂದೆ. ಅಡುಗೆ ಮುಗಿಸಿ ಬರುವಷ್ಟರಲ್ಲಿ ಅಲ್ಲೇ ನಿಂತು ಬೀದಿಗೆ ಹೇಳುವವರ ಹಾಗೆ, "ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯಲ್ಲ" ಅಂದರು. ನಾನು ಓಡಿಹೋಗಿ ಪೆನ್ನು ತಂದೆ. ಇವರು ಹೇಳಿದ್ದು ಹೀಗಿದೆ.

ಇಂಜಿನ್ನಿನ ಎಣ್ಣೆ ಮೂತಿಯ ಮರಕ್ಕೆಲ್ಲ ಇಳಿದಿರುತ್ತದೆ. ಪೌಡರ್ ಉದುರಿಸಿ ಹೀರಿಸಬೇಕು, ಆಮೇಲೆ ಸ್ಪಿರಿಟ್ಟಿನಲ್ಲಿ ಒರೆಸಬೇಕು. ಮಗಳ ಪೌಡರ್ ಡಬ್ಬಿ ಖಾಲಿಯಾದರೆ ನನ್ನ ಹೆಸರು ಹೇಳಿ. ಮುರಿದ ತೊಲೆಯನ್ನು, ಅಂದರೆ ರೆಕ್ಕೆಯ ಉದ್ದಕ್ಕೂ ಇರುವ ಕಡ್ಡಿಯನ್ನು, ನೇರ ಕತ್ತರಿಸಿ ತುದಿಗೆ ತುದಿ ಅಂಟಿಸಬಾರದು. ಎರಡೂ ತುದಿಯನ್ನು ಉದ್ದಕ್ಕೆ ಓರೆಯಾಗಿ ಸವರಿ ಒಂದರ ಮೇಲೊಂದು ಮಲಗಿಸಬೇಕು. ಬಲಕ್ಕೆಂದು ಪಕ್ಕದಲ್ಲಿ ಪಟ್ಟಿ ಹಚ್ಚಿದರೆ ಅದರ ತುದಿಯನ್ನೂ ಸವೆಸಿ ಸವೆಸಿ ಇಲ್ಲವೆನ್ನುವ ಹಾಗೆ ಮಾಡಬೇಕು. "ಗಟ್ಟಿ ಎಲ್ಲಿ ಥಟ್ಟಂತ ನಿಲ್ಲುತ್ತೋ, ಮುಂದಿನ ಸಲ ಅಲ್ಲೇ ಮುರಿಯುತ್ತೆ. ಬರ್ಕೊಂಡ್ಯಾ?" ಅಂದರು.

ಬರ್ಕೊಂಡೆ ಅಂದೆ. ಯಾರಿಗೆ ಬರೆಯುತ್ತಿದ್ದೇನೆ ಎಂದು ಇವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಮ್ಮ ಹೆಸರು ಎತ್ತದೆಯೇ ಇಷ್ಟು ಸಿಕ್ಕಿದೆ, ಸದ್ಯಕ್ಕೆ ಇದರಲ್ಲೇ ತೃಪ್ತಿಪಡಿ. ಮತ್ತೆ, ಆ ವಿಮಾನವನ್ನು ಮುದುಕಿ ಎನ್ನುವುದು ನಿಮ್ಮ ಮಾವನ ಚಾಳಿ. ನೀವೂ ಕಲಿಯಬೇಡಿ. ನನಗಿಂತ ಚಿಕ್ಕವಳು ಅವಳು.

ಕಿಟಕಿಯ ಈಚೆಯಿಂದ, ಅತ್ತೆ


ಮಾರ್ಚ್ ೮

ಅತ್ತೆಯವರಿಗೆ,

ಶುಭ ಸುದ್ದಿ. ಮೂತಿ ಆಯಿತು. ಇಂಜಿನ್ ಕೂರುವ ಜಾಗ ಮೂರು ಸೀಳಾಗಿ ಬಿರುಕು ಬಿಟ್ಟಿತ್ತು. ಪೌಡರ್ ಹಾಕಿ ಎಣ್ಣೆ ತೆಗೆದೆ. ಆಮೇಲೆ ನನಗೊಂದು ಉಪಾಯ ಹೊಳೆಯಿತು. ಮನುಷ್ಯರು ಮೂಳೆ ಕಡಿದರೂ ತಡೆಯುವಂಥ ಸಾಮಾನು ನನ್ನ ಕೈಯಲ್ಲೇ ಇರುವಾಗ ಬೇರೆ ಅಂಟು ಯಾಕೆ? ಹಲ್ಲಿನ ಸೆಟ್ಟಿಗೆ ಹಾಕುವ ಪುಡಿಯನ್ನೇ ಕಲಸಿ ಮೂತಿಗೆಲ್ಲ ಮೆತ್ತಿ, ಗಟ್ಟಿಯಾದ ಮೇಲೆ ಉಜ್ಜಿ ಪಾಲಿಶ್ ಕೊಟ್ಟೆ. ಸುತ್ತಿಗೆಯಲ್ಲಿ ಹೊಡೆದು ನೋಡಿದೆ, ಜಪ್ಪಯ್ಯ ಎನ್ನಲಿಲ್ಲ. ಬಣ್ಣ ಮಾತ್ರ ವಸಡಿನದು, ತಿಳಿಗುಲಾಬಿ. ನಿಮ್ಮ ಮಗಳು ನೋಡಿ, "ಇದು ಹಾರತ್ತೋ, ನಗತ್ತೋ?" ಅಂದಳು. ಬಣ್ಣಕ್ಕೇನು, ಮೇಲೆ ಹಳದಿ ಬಳಿದರಾಯಿತು. ಎತ್ತಿದರೆ ಸ್ವಲ್ಪ ಮುಂದಕ್ಕೆ ವಾಲುತ್ತದೆ, ಅಷ್ಟೆ.

ಮಾವ ಇದನ್ನು ಓದುತ್ತಿದ್ದರೆ ಅವರಿಗೂ ನಮಸ್ಕಾರ.

ಅಳಿಯ


ಮಾರ್ಚ್ ೧೫

ಅಳಿಯಂದಿರೇ,

ನಿಮ್ಮ ಕಾಗದವನ್ನು ಇವರು ಟೀ ಕುಡಿಯುತ್ತಾ ಓದಬಾರದಿತ್ತು. "ವಸಡಿನದು" ಎನ್ನುವಲ್ಲಿ ಟೀ ಮೂಗಿಗೆ ಏರಿತು. ಕೆಮ್ಮು, ಆಮೇಲೆ ನಗು, ಆಮೇಲೆ ಕಣ್ಣೊರೆಸಿಕೊಂಡದ್ದು. ನೀವು ಹೋದಮೇಲೆ ಈ ಮನೆಯಲ್ಲಿ ಆ ಸದ್ದು ಕೇಳಿರಲಿಲ್ಲ. ನಿಮಗೆ ಪುಣ್ಯ ಬರಲಿ.

ನಗು ಮುಗಿದ ಮೇಲೆ ಬೈಗುಳ. "ಹಲ್ಲು ಕಚ್ಚಬೇಕು ಸರಿ, ವಿಮಾನ ಯಾರನ್ನ ಕಚ್ಚಬೇಕು? ಮೂಗಿಗಿಂತ ಮೂಗುತಿ ಭಾರ ಮಾಡಿಟ್ಟಿದಾನೆ. ಮೂತಿ ಭಾರ ಆದ್ರೆ ಎಷ್ಟು ಎಳೆದರೂ ಅದು ಏಳಲ್ಲ. ಎಲ್ಲಾ ಕಿತ್ತು ಬಿಸಾಕು ಅಂತ ಬರಿ." ಮಾಡಿಟ್ಟಿದಾನೆ ಎಂದರು, ಗಮನಿಸಿದಿರಾ? ಇಷ್ಟು ದಿನ ನೀವು ಗಾಳಿಯಾಗಿದ್ದಿರಿ, ಈಗ ಏಕವಚನದ ಮನುಷ್ಯರಾಗಿದ್ದೀರಿ. ಅಳಿಯ ಅಲ್ಲ ಮಗಳ ಗಂಡ ಎನ್ನುವ ಹಾಗೆ, ಹೇಗೆ ಕರೆದರೂ ನೀವೇ ತಾನೆ.

ಮೂತಿಯನ್ನು ಹಿಂದಕ್ಕೆ ಒಳ್ಳೆಯ ಮರ ಸಿಗುವವರೆಗೆ ಕತ್ತರಿಸಿ ಹೊಸದು ಕೂಡಿಸಬೇಕಂತೆ. ಒಳಗೆ ತೆಳು ಪ್ಲೈವುಡ್, ಹೊರಗೆ ಬಾಲ್ಸಾ ಎನ್ನುವ ಹಗುರ ಮರ, ಅದರ ಮೇಲೆ ಗಾಜಿನ ನಾರಿನ ಬಟ್ಟೆ ಒಂದೇ ಪದರ. ಅಂಟು ಹಚ್ಚಿ, ಹೆಚ್ಚಾದದ್ದನ್ನೆಲ್ಲ ಹಳೆಯ ಕಾರ್ಡಿನಿಂದ ಬಳಿದು ತೆಗೆಯಬೇಕು. ಬಲ ಬಟ್ಟೆಯಲ್ಲಿರುತ್ತದೆ, ಅಂಟಿನಲ್ಲಿ ಇರುವುದು ಬರೀ ತೂಕ.

ಇನ್ನೊಂದು ಮಾತು ಹೇಳಿದರು. ಅದು ಅವರದೇ ಕಾನೂನು, ಮೈದಾನದಲ್ಲಿ ಎಲ್ಲರೂ ಪಾಲಿಸುತ್ತಾರೆ. ಮುರಿದದ್ದನ್ನು ಯಾರು ಸರಿಮಾಡುತ್ತಾರೋ ಮೊದಲ ಸಲ ಅವರೇ ಹಾರಿಸಬೇಕು. ತನ್ನ ಅಂಟಿನ ಮೇಲೆ ತನಗೇ ನಂಬಿಕೆಯಿಲ್ಲದಿದ್ದರೆ ಬೇರೆಯವರ ಕೈಗೆ ಕೊಡಬಾರದು. ಜೀವಮಾನವೆಲ್ಲ ಲಿಫ್ಟು ರಿಪೇರಿ ಮಾಡಿದವರಲ್ಲವೇ? ರಿಪೇರಿ ಆದ ಲಿಫ್ಟಿನಲ್ಲಿ ಮೊದಲು ತಾವೇ ಹತ್ತಿ ಇಳಿಯುತ್ತಿದ್ದರು. ಆದ್ದರಿಂದ ಮೇ ತಿಂಗಳ ಕೂಟದಲ್ಲಿ ಹಿಡಿ ನಿಮ್ಮ ಕೈಗೆ.

ಧೈರ್ಯ ತಂದುಕೊಳ್ಳಿ.

ಅತ್ತೆ


ಏಪ್ರಿಲ್ ೨

ಅತ್ತೆಯವರಿಗೆ, ಮಾವನವರಿಗೆ,

ಗುಲಾಬಿ ಮೂತಿಯನ್ನು ಕತ್ತರಿಸಿ ಬಿಸಾಡಿದೆ. ಹೊಸದು ಕೂಡಿಸಿದೆ. ಈ ಕಾಗದ ರೆಕ್ಕೆಯ ಬಗ್ಗೆ.

ಮುರಿದ ಕಡೆಯಿಂದ ಎರಡು ಅಂಗೈ ಅಗಲ ಹಳದಿ ರೇಷ್ಮೆಯನ್ನು ಸುಲಿದು ಒಳಗೆ ಇಣುಕಿದೆ. ಇಣುಕಿದವನು ಅವತ್ತು ಕೆಲಸ ಮಾಡಲಿಲ್ಲ. ಸುಮ್ಮನೆ ನೋಡುತ್ತ ಕೂತೆ. ಮಾವ, ನಾನು ದಿನವೂ ಬಾಯಿಯೊಳಗಿನ ಕೆಲಸ ಮಾಡುವವನು. ಯಾರಿಗೂ ಕಾಣದ ಕಡೆ ಒಬ್ಬ ಕೆಲಸಗಾರ ಹೇಗೆ ನಡೆದುಕೊಳ್ಳುತ್ತಾನೆ ಎನ್ನುವುದರ ಮೇಲೆ ಅವನು ಎಂಥವನೆಂದು ಅಳೆಯುತ್ತೇನೆ. ಈ ರೆಕ್ಕೆ ಹಿಂದೆಯೂ ಮುರಿದಿದೆ, ಒಂದಲ್ಲ ನಾಲ್ಕೈದು ಕಡೆ. ಹೊರಗಿನಿಂದ ಯಾರೂ ಹೇಳಲಾರರು. ಮುರಿದ ಅಡ್ಡಕಡ್ಡಿಗೆ, ಅಂದರೆ ರೆಕ್ಕೆಯ ಪಕ್ಕೆಲುಬಿಗೆ, ಹೊಸ ತುಂಡು ಕೂಡಿಸಿದ ಜಾಗ ಬೆರಳಾಡಿಸಿದರೂ ಸಿಗುವುದಿಲ್ಲ. ದೀಪಕ್ಕೆ ಹಿಡಿದಾಗ ಮರದ ಎಳೆ ಒಂದು ಕೂದಲಷ್ಟು ಪಕ್ಕಕ್ಕೆ ಸರಿದದ್ದು ಕಂಡು ಗೊತ್ತಾಯಿತು. ತಂತಿಗಳ ಎಳೆತವನ್ನೆಲ್ಲ ಹೊತ್ತು ಬಾಲಕ್ಕೆ ದಾಟಿಸುವ ಸನ್ನೆತಟ್ಟೆ ಇದೆಯಲ್ಲ, ಅದನ್ನು ಕೂರಿಸಿದ ಹಲಗೆಯ ಸುತ್ತ ದಾರ ಬಿಗಿದಿದೆ. ಸುತ್ತುಗಳ ನಡುವೆ ಉಗುರು ತೂರಿಸಲಾಗದು. ಎಲ್ಲೂ ಅಂಟಿನ ಒಂದು ತೊಟ್ಟು ಹೆಚ್ಚಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗಿದೆ ಕೆಲಸ. ಇಂಥದ್ದನ್ನು ಮುರಿದೆನಲ್ಲ ಎಂದು ನನಗೆ ಅಳು ಬಂತು. ಮಾವನ ಕೈಗೆ ನನ್ನ ನಮಸ್ಕಾರ.

ಇಲ್ಲಿಯವರೆಗೆ ಬರೆದು ಊಟಕ್ಕೆ ಎದ್ದಿದ್ದೆ. ನಿಮ್ಮ ಮಗಳು ಬಂದು ಕಾಗದ ಓದಿದಳು, ರೆಕ್ಕೆಯೊಳಗೆ ಇಣುಕಿದಳು. "ಅಪ್ಪನ ಕೈಯಂತೆ ಅಪ್ಪನ ಕೈ. ಇದು ಅಮ್ಮನ ಗಂಟು ಕಣ್ರೀ. ಬೈಂಡಿಂಗ್ ಅಂಗಡೀಲಿ ಪುಸ್ತಕ ಹೊಲೀವಾಗ ಪ್ರತಿ ಸಾಲಿನ ಕೊನೇಲಿ ಹೀಗೇ ಹಾಕ್ತಿದ್ಲು. ನನ್ನ ಶಾಲೆ ಪುಸ್ತಕಕ್ಕೆಲ್ಲ ಇದೇ ಗಂಟು" ಅಂದಳು.

ಮೇಲಿನದನ್ನು ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ. ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ವಿಳಾಸ ಮಾತ್ರ ತಪ್ಪು. ಅತ್ತೆ, ಇದು ನಿಮ್ಮ ಕೆಲಸವೇ? ಹಾಗಿದ್ದರೆ ನನಗೆ ಇನ್ನೊಂದು ಪ್ರಶ್ನೆ ಇದೆ. ಸರಿಮಾಡಿದವರೇ ಮೊದಲು ಹಾರಿಸಬೇಕು ಎನ್ನುವ ಕಾನೂನು ನಿಮಗೂ ಇತ್ತೇ?

ಅಳಿಯ


ಏಪ್ರಿಲ್ ೧೨

ಅಳಿಯಂದಿರೇ,

ಇನ್ನಾರು ಮಾಡುತ್ತಾರೆ? ಕಟ್ಟುವುದು ಇವರು, ಹಾರಿಸುವುದು ಇವರು, ಬೀಳಿಸುವುದೂ ಇವರೇ. ಇವರು ಬೀಳಿಸಿದ್ದಾರೆಯೇ ಎಂದು ಕೇಳಬೇಡಿ. ಹಿಡಿಯನ್ನು ತಲೆಕೆಳಗು ಹಿಡಿದದ್ದು ಈ ಮನೆಯಲ್ಲಿ ನೀವೇ ಮೊದಲಿಗರಲ್ಲ. ಮುರಿದ ಮರಕ್ಕೂ ಹರಿದ ಪುಸ್ತಕಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತೆಳ್ಳಗೆ ಅಂಟು, ಬಿಗಿಯಾಗಿ ದಾರ, ಒಣಗುವವರೆಗೆ ತಾಳ್ಮೆ. ಈ ಸಲವೂ ಮಾಡುತ್ತಿದ್ದೆ. ಚೀಲ ಬಿಚ್ಚಿ ಮುಟ್ಟಿಯೂ ನೋಡಿದೆ. ತುದಿಗಳು ಬೆರಳಿಗೆ ಸಿಕ್ಕವು, ಕಣ್ಣಿಗೆ ಸಿಗಲಿಲ್ಲ. ಮತ್ತೆ ಕಟ್ಟಿಟ್ಟೆ.

ಕಾನೂನು ನನಗೂ ಇತ್ತು. ಕಾನೂನೆಂದರೆ ಕಾನೂನು, ಇವರನ್ನು ನೀವು ಬಲ್ಲಿರಿ. ಆದರೆ ಮೈದಾನದಲ್ಲಿ ಜನ ಸೇರುವ ಮೊದಲೇ ಬೆಳಕು ಹರಿಯುವಾಗ ಹೋಗುತ್ತಿದ್ದೆವು. ಜನರಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಇವರು ವಿಮಾನ ಹಿಡಿದು ಬಿಡುತ್ತಿದ್ದರು, ನಾನು ನಡುವೆ ನಿಲ್ಲುತ್ತಿದ್ದೆ. ಎದೆಯೆತ್ತರದಲ್ಲಿ ಸಮವಾಗಿ ಕೆಲವು ಸುತ್ತು, ಅಷ್ಟೆ. ಇಳಿದ ಮೇಲೆ ಹಿಡಿ ಇವರ ಕೈಗೆ. ಪಲ್ಟಿ ಗಿಲ್ಟಿ ಎಲ್ಲ ಇವರ ಬಾಬ್ತು.

ಒಂದು ಬೆಳಿಗ್ಗೆ ಮಾತ್ರ ಗಾಳಿಯೇ ಇರಲಿಲ್ಲ, ತಂತಿ ಕೈಯಲ್ಲಿ ಹಾಡುತ್ತಿತ್ತು, ಮಣಿಕಟ್ಟು ತಾನಾಗಿಯೇ ಹಿಂದಕ್ಕೆ ಓರೆಯಾಗಲು ಹೋಯಿತು. ತಡೆದೆ. ಮುರಿದರೆ ಯಾರು ಸರಿಮಾಡಬೇಕು, ನಾನೇ ತಾನೆ?

ಇಷ್ಟೊಂದು ಹೊಗಳಿ ಬರೆದಿದ್ದೀರಿ. ಇವರು ಅದನ್ನು ಎರಡು ಸಲ ಓದಿದರು, ನಾನು ಕೇಳದಿದ್ದರೂ. ಆಮೇಲೆ ಎದ್ದುಹೋಗಿ ಸುಮ್ಮನೆ ನಲ್ಲಿ ಬಿಗಿ ಮಾಡಿ ಬಂದರು. ಅದು ಸೋರುತ್ತಿರಲಿಲ್ಲ.

ನಿಮ್ಮ ಓರೆ ಕೂಡಿಕೆಗೆ ನನ್ನ ದಾರದ ಪಕ್ಕದಲ್ಲೇ ಜಾಗ ಮಾಡಿಕೊಳ್ಳಿ. ಅದನ್ನು ಬಿಚ್ಚಬೇಡಿ, ಇನ್ನೂ ಗಟ್ಟಿ ಇದೆ.

ಅತ್ತೆ


ಮೇ ೪

ಮಾವನವರಿಗೆ ನಮಸ್ಕಾರ,

ಇದನ್ನು ನಿಮಗೇ ಬರೆಯುತ್ತಿದ್ದೇನೆ. ಓದುವವರು ಹೇಗೂ ನೀವೇ.

ನಿಮ್ಮ ಮಗಳ ಜೊತೆ ಮುದುಕಿಯನ್ನು ಕಳಿಸಿದ್ದೇನೆ. ಪೆಟ್ಟಿಗೆಯ ಅರ್ಧ ಹತ್ತಿ, ಅರ್ಧ ಅವಳ ಬೈಗುಳ. ತೊಲೆಯನ್ನು ನೀವು ಹೇಳಿದಂತೆ ಉದ್ದಕ್ಕೆ ಓರೆ ಮಾಡಿ ಕೂಡಿಸಿದೆ. ಮೊದಲ ಸಲ ಒಂದು ಎಳೆ ತಪ್ಪಿತು, ಬಿಚ್ಚಿ ಮತ್ತೆ ಮಾಡಿದೆ. ಪಕ್ಕದ ಪಟ್ಟಿಯ ತುದಿ ಸವೆದು ಸವೆದು ಉಗುರಿಗೂ ಸಿಗದ ಹಾಗಾಗಿದೆ. ರೇಷ್ಮೆ ಎಳೆದು, ಒಣಗಿದಂತೆ ಬಟ್ಟೆಯನ್ನು ಬಿಗಿ ಮಾಡುವ ವಾರ್ನಿಶ್ ಕೊಟ್ಟಿದ್ದೇನೆ. ತಟ್ಟಿದರೆ ತಮಟೆಯ ಸದ್ದು ಬರುತ್ತದೆ. ಅಂಗಳದಲ್ಲಿ ಅದನ್ನು ಕಂಬಕ್ಕೆ ಕಟ್ಟಿ, ತಂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಹಾರುವಾಗ ಬೀಳುವ ಎಳೆತಕ್ಕಿಂತ ಎಷ್ಟೋ ಹೆಚ್ಚು ಎಳೆದೆ. ಕಂಬ ಅಲ್ಲಾಡಿತು, ರೆಕ್ಕೆ ಅಲ್ಲಾಡಲಿಲ್ಲ.

ನನಗೆ ಕೂಟಕ್ಕೆ ಬರಲಾಗುತ್ತಿಲ್ಲ. ಲ್ಯಾಬಿನಲ್ಲಿ ರಜೆ ಕೊಡಲಿಲ್ಲ, ಹಲ್ಲಿಲ್ಲದವರೆಲ್ಲ ಈಗಲೇ ಒಟ್ಟಿಗೆ ಬಂದಿದ್ದಾರೆ. ನಿಜ ಹೇಳಬೇಕೆಂದರೆ, ಬಂದಿದ್ದರೂ ಹಿಡಿಯನ್ನು ನಾನು ಮುಟ್ಟುತ್ತಿರಲಿಲ್ಲ. ಹೆದರಿಕೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕಾರಣ ಬೇರೆ. ನನ್ನ ಕೂಡಿಕೆ ನಿಂತಿರುವುದು ಅತ್ತೆಯವರ ದಾರದ ಮೇಲೆ. ಆ ದಾರ ಬಿಟ್ಟರೆ ನನ್ನದು ಏನೂ ಅಲ್ಲ. ನೀವು ಮಾಡಿದ ಕಾನೂನಿನ ಪ್ರಕಾರ ಮೊದಲು ಹಾರಿಸಬೇಕಾದವರು ಯಾರೆಂದು ನೀವೇ ಹೇಳಿ. ಕಾನೂನಿನಲ್ಲಿ ಬೆಳಗಿನ ಜಾವಕ್ಕೇ ಎಂದು ಬರೆದಿದೆಯೇ?

ನಿಮ್ಮ ಜೊತೆ ಮಾತಾಡದೆ ಮೂರು ತಿಂಗಳಾಯಿತು. ನನಗೆ ಅದು ಕಷ್ಟವಾಗಿದೆ.

ಅಳಿಯ


ಮೇ ೨೦

ಅಳಿಯಂದಿರೇ,

ಇದನ್ನು ನಾನೇ ಬರೆಯುತ್ತಿದ್ದೇನೆ. ಅಕ್ಷರ ಕುಣಿದರೆ ಅದು ಕೈಯ ಕೆಲಸ, ನೀವು ನಿಧಾನವಾಗಿ ಓದಿ. ಅವಳ ಕೈಯಲ್ಲಿ ಬರೆಸುವ ಹಾಗಿಲ್ಲ, ವಿಷಯ ಅವಳದೇ.

ಮಗಳು ಬಂದು ಹೇಳಿರುತ್ತಾಳೆ. ಆದರೆ ಅವಳು ಹಗ್ಗದಾಚೆ ಜನರ ನಡುವೆ ಇದ್ದಳು. ವಿಮಾನ ಹಿಡಿದು ಬಿಟ್ಟವನು ನಾನು, ನನ್ನಿಂದಲೂ ಕೇಳಿ.

ನಿಮ್ಮ ಕಾಗದವನ್ನು ಅವಳಿಗೆ ಓದಿ ಹೇಳಿದಾಗ, "ಬೇಡ ರೀ, ಜನ ಇರ್ತಾರೆ" ಅಂದಳು. "ಕಾನೂನು" ಅಂದೆ. ಕೂಟದ ದಿನ ಅವಳು ನಡುವೆ ಹೋಗಿ ನಿಂತಳು. ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ತೋರಿಸಿದಳು, ಬಾಲದ ಪಟ್ಟಿ ಸರಿಯಾಗಿ ಏರಿ ಇಳಿಯಿತು. ನಾನು ಇಂಧನ ತುಂಬಿದೆ. ಹಿಂದೆಲ್ಲ ಅವಳಿಗೆಂದು ಕಾಲು ತೊಟ್ಟಿ ತುಂಬುತ್ತಿದ್ದೆ, ಬೇಗ ಮುಗಿದು ಇಳಿಯಲಿ ಎಂದು. ಅವತ್ತು ಪೂರ್ತಿ ತುಂಬಿದೆ. ಈ ವಿಮಾನವನ್ನು ನಡುವೆ ನಿಲ್ಲಿಸಲು ಬರುವುದಿಲ್ಲ ಎಂದು ನಿಮಗೆ ಗೊತ್ತು. ಎಣ್ಣೆ ಇರುವವರೆಗೆ ಹಾರಿಸುತ್ತಲೇ ಇರಬೇಕು.

ಎದೆಯೆತ್ತರದಲ್ಲಿ ಸಮವಾಗಿ ಸುತ್ತಿದಳು, ಎಂದಿನಂತೆ. ಇಳಿಯುವ ಹೊತ್ತಾಯಿತು, ಇಂಜಿನ್ ನಿಲ್ಲಲಿಲ್ಲ. ತಿರುಗುತ್ತಲೇ ಒಂದು ಸಲ ನನ್ನ ಕಡೆ ನೋಡಿದಳು. ಎಷ್ಟು ತುಂಬಿದ್ದೇನೆಂದು ಅವಳಿಗೆ ತಿಳಿಯಿತು. ಮುಂದಿನ ಸುತ್ತಿನಲ್ಲಿ ಅವಳ ಮಣಿಕಟ್ಟು ಓರೆಯಾಯಿತು.

ಅಳಿಯಂದಿರೇ, ನಾನು ಹಾಕುವ ಪಲ್ಟಿ ಮೊಟ್ಟೆಯ ಹಾಗಿರುತ್ತದೆ ಎಂದು ಗೆಳೆಯರು ಹಿಂದಿನಿಂದಲೂ ಆಡಿಕೊಳ್ಳುತ್ತಾರೆ. ಅವಳದು ದುಂಡಗಿತ್ತು. ಒಂದು ಹಾಕಿದಳು, ಅದರ ಮೇಲೇ ಇನ್ನೊಂದು, ಅದರ ಮೇಲೇ ಇನ್ನೊಂದು. ಕೆಳಗೆ ಬಂದು ಸಮವಾಗುವಾಗ ಪ್ರತಿ ಸಲವೂ ಅದೇ ಎತ್ತರ, ಅವಳ ಎದೆಯೆತ್ತರ. ಅಷ್ಟು ವರ್ಷ ಸಮವಾಗಿ ಹಾರಿಸಿದವಳಿಗೆ ಆ ಎತ್ತರ ಮೈಯಲ್ಲೇ ಇತ್ತು. ನನ್ನ ಪಕ್ಕದಲ್ಲಿದ್ದವನೊಬ್ಬ, "ಇಷ್ಟು ದಿನ ಎಲ್ಲಿದ್ರು ಇವ್ರು?" ಅಂದ. ನಮ್ಮನೇಲಿ ಅಂದೆ. ನನಗೆ ತುಂಬಾ ಸಂತೋಷವಾಯಿತು. ಇದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ನೀವು ಬಂದಾಗ ಮರೆಯದೆ ಅವಳಿಗೆ ಹೇಳಿ.

ಇಳಿದ ಮೇಲೆ ರೆಕ್ಕೆಯನ್ನು ಮುಟ್ಟಿ ನೋಡಿದೆ. ನಿಮ್ಮ ಕೂಡಿಕೆ ಒಂದು ಕೂದಲಷ್ಟೂ ಕದಲಿಲ್ಲ.

ನಾನು ಮಾತು ಬಿಟ್ಟದ್ದು ನೀವು ಬೀಳಿಸಿದ್ದಕ್ಕಲ್ಲ. ಬೀಳಿಸದೆ ಯಾರೂ ಕಲಿತಿಲ್ಲ. ಹುಲ್ಲಿನಲ್ಲಿ ತುಂಡು ಹೆಕ್ಕುವಾಗ ನನ್ನ ಬೆರಳು ನಡುಗುತ್ತಿತ್ತು, ಚೀಲ ಬಿಚ್ಚಿ ಅವಳು ತಡಕಾಡುವುದನ್ನು ನೋಡಿದೆ. ಇನ್ನು ಈ ಮನೆಯಲ್ಲಿ ಏನು ಮುರಿದರೂ ಮುರಿದಂತೆಯೇ ಎನಿಸಿತು. ಅದನ್ನು ನಿಮಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈಗ ಇನ್ನೊಂದು ತೊಂದರೆ. ನನ್ನ ಸರದಿ ಬಂತೆಂದು ಹಿಡಿಗೆ ಕೈ ಚಾಚಿದೆ. "ತಡೀರಿ, ಇನ್ನೊಂದು ಸಲ" ಅಂದಳು. ಅದಾದ ಮೇಲೆ ಇನ್ನೊಂದು ಸಲ. ಸಂಜೆಯವರೆಗೂ ನನಗೆ ಕೊಡಲಿಲ್ಲ, ಆಮೇಲೂ ಕೊಟ್ಟಿಲ್ಲ, ಕೊಡುವ ಲಕ್ಷಣವೂ ಇಲ್ಲ. ಹಾಗಾಗಿ ನನಗೆ ವಿಮಾನವಿಲ್ಲ. ಹೊಸದು ಕಟ್ಟಬೇಕು. ಕಟ್ಟುವ ಕೈ ನಿಮ್ಮದಾಗಬೇಕು, ಕಣ್ಣೂ ನಿಮ್ಮದಾಗಬೇಕು. ನನ್ನ ಹತ್ತಿರ ಬಾಯಿ ಇದೆ.

ಬಾಲ್ಸಾ ಹಲಗೆ ತಂದಾಯಿತು. ಊಟದ ಮೇಜಿನ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೂ ಭಾರ ಇಟ್ಟಿದ್ದೇನೆ. ಮೇಜು ಖಾಲಿ ಮಾಡಿ ಎಂದು ಅವಳು ಗೊಣಗುತ್ತಿದ್ದಾಳೆ, ಇಬ್ಬರೂ ನೆಲದ ಮೇಲೆ ಕೂತು ಉಣ್ಣುತ್ತಿದ್ದೇವೆ. ನೀವು ಬರುವವರೆಗೆ ತೆಗೆಯುವುದಿಲ್ಲ ಎಂದು ಹೇಳಿದ್ದೇನೆ.

ನಿಮ್ಮ ಮಾವ